ನೂರು ಫಿಲ್ಸಿನ ಅಜ್ಜಿ

ಅಮೆರಿಕದ ಆ ಒಂದು ಡಾಲರ್ ನಾಣ್ಯಕ್ಕೆ ನಮ್ಮ ಮನೆಯಲ್ಲಿ ಅಜ್ಜಿ ಎಂದು ಹೆಸರು. ಹೆಸರಿಟ್ಟವಳು ನಾನೇ. ಒಂದು ಮುಖದಲ್ಲಿ ತುರುಬು ಕಟ್ಟಿ, ತುಟಿ ಬಿಗಿಹಿಡಿದು, ಯಾರ ಮೇಲೋ ಸಿಟ್ಟು ಮಾಡಿಕೊಂಡು ಬಲಕ್ಕೆ ನೋಡುವ ಹೆಂಗಸು. ಇನ್ನೊಂದು ಮುಖದಲ್ಲಿ ಚಂದ್ರನ ಮೇಲೆ ಇಳಿಯುತ್ತಿರುವ ಹದ್ದು. ಗಾತ್ರ, ಬಣ್ಣ, ತೂಕ ಎಲ್ಲವೂ ಕುವೈತಿನ ನೂರು ಫಿಲ್ಸ್ ನಾಣ್ಯದ್ದೇ. ನೂರು ಫಿಲ್ಸಿನ ಮೇಲೆ ಹಾಯಿದೋಣಿ ಇರುತ್ತಿತ್ತು. ಅವಸರದಲ್ಲಿರುವವರು ದೋಣಿಯನ್ನೂ ನೋಡುವುದಿಲ್ಲ, ಅಜ್ಜಿಯನ್ನೂ ನೋಡುವುದಿಲ್ಲ. ಅಪ್ಪ ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಕೆಫೆಟೇರಿಯಾದಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಸುತ್ತಲೂ ಗ್ಯಾರೇಜುಗಳು, ಗೋದಾಮುಗಳು. ಕೈಗೆಲ್ಲ ಗ್ರೀಸ್ ಮೆತ್ತಿಕೊಂಡ ಮೆಕ್ಯಾನಿಕ್ಕುಗಳು ಚಹಾ ಕುಡಿದು ನಾಣ್ಯವನ್ನು ಮೇಜಿನ ಮೇಲೆ ಎಸೆದು ಹೋಗುತ್ತಿದ್ದರು. ಅಮೆರಿಕದ ಯಾವನೋ ಎಂಜಿನಿಯರನ ಜೇಬಿನಿಂದ ಯಾವ ಯಾವ ಅಂಗಡಿ ದಾಟಿಯೋ ಒಂದೊಂದು ಅಜ್ಜಿ ಅವರ ಕೈಗೂ ಬರುತ್ತಿದ್ದಳು, ಅಲ್ಲಿಂದ ಅಪ್ಪನ ಪೆಟ್ಟಿಗೆಗೆ.

ಅಪ್ಪ ಹದಿನಾಲ್ಕನೇ ವಯಸ್ಸಿಗೆ ಮುಂಬೈಯ ಹೋಟೆಲಿನಲ್ಲಿ ಗಲ್ಲಾ ಹತ್ತಿದವರು. ನಾಣ್ಯವನ್ನು ಅವರು ಕಣ್ಣಿನಿಂದ ನೋಡುತ್ತಿರಲಿಲ್ಲ. ಕಣ್ಣು ಗಿರಾಕಿಯ ಮುಖದ ಮೇಲೆ, ಹೆಬ್ಬೆರಳು ನಾಣ್ಯದ ಮೇಲೆ. ನಾಣ್ಯವನ್ನು ನೋಡಿ ಚಿಲ್ಲರೆ ಕೊಡುವವನು ಗಲ್ಲಾಕ್ಕೆ ನಾಲಾಯಕ್ಕು ಎನ್ನುವುದು ಅವರ ಲೆಕ್ಕ. ಅಂಥವರಿಗೆ ಅಜ್ಜಿಯನ್ನು ದಾಟಿಸುವುದು ಆಗದ ಮಾತು; ಕೈಗೆ ಬಂದ ಕ್ಷಣ ತಿಳಿಯುತ್ತಿತ್ತು. ಆದರೆ ಅಷ್ಟರಲ್ಲಿ ಗಿರಾಕಿ ಬಾಗಿಲು ದಾಟಿರುತ್ತಿದ್ದ. ಅಪ್ಪ ತಮ್ಮ ಜೇಬಿನಿಂದ ನೂರು ಫಿಲ್ಸ್ ತೆಗೆದು ಪೆಟ್ಟಿಗೆಗೆ ಹಾಕಿ, ಅಜ್ಜಿಯನ್ನು ಮನೆಗೆ ತರುತ್ತಿದ್ದರು. ಮತ್ತೊಬ್ಬ ಗಿರಾಕಿಗೆ ಚಿಲ್ಲರೆಯ ಜೊತೆ ಅದನ್ನು ಸಾಗಹಾಕಬಹುದಿತ್ತು. ಅಮ್ಮ ಹಾಗೆಂದು ಎಷ್ಟೋ ಸಲ ಹೇಳಿ ಜಗಳವಾಡಿದ್ದೂ ಉಂಟು. ಅಪ್ಪ ಕೇಳಲಿಲ್ಲ.

ಫಿಂಟಾಸಿನಲ್ಲಿ ಸಮುದ್ರದಿಂದ ಎರಡು ರಸ್ತೆ ಈಚೆ, ಎರಡನೇ ಮಹಡಿಯಲ್ಲಿ ನಮ್ಮ ಫ್ಲ್ಯಾಟ್. ಎರಡು ಕೋಣೆ. ಒಂದರಲ್ಲಿ ನಾವು ಮೂವರು, ಇನ್ನೊಂದರಲ್ಲಿ ಹಸನಬ್ಬ ಕಾಕ. ಕಾಕ ಬಂಟ್ವಾಳದ ಕಡೆಯ ಬ್ಯಾರಿ, ಒಬ್ಬ ಕುವೈತಿಯ ಬಟ್ಟೆ ಅಂಗಡಿಯಲ್ಲಿ ಹದಿನೈದು ವರ್ಷ ದುಡಿದು ಅರಬ್ಬಿಯನ್ನು ಅರಬರ ಹಾಗೇ ಮಾತಾಡುತ್ತಿದ್ದರು. ಅಡುಗೆಮನೆ ಎರಡೂ ಮನೆಗೆ ಒಂದೇ. ಬೆಳಿಗ್ಗೆ ಕಾಕನ ಚಹಾ ಮುಗಿದ ಮೇಲೆ ಅಮ್ಮನ ಒಲೆ. ಕಾಕ ಮೀನು ಹುರಿದರೆ ಒಂದು ತುಂಡು ನನಗೆ, ಅಮ್ಮ ನೀರುದೋಸೆ ಹೊಯ್ದರೆ ನಾಲ್ಕು ಕಾಕನಿಗೆ. ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಜೇಬಿನ ಚಿಲ್ಲರೆಯನ್ನು ಸ್ಟೀಲಿನ ತಟ್ಟೆಗೆ ಸುರಿಯುತ್ತಿದ್ದರು. ಆಮೇಲೆ ನನ್ನ ಪರೀಕ್ಷೆ. ನಾನು ಕಣ್ಣು ಮುಚ್ಚಿ ಅಂಗೈ ಚಾಚಬೇಕು, ಅಪ್ಪ ಒಂದೊಂದೇ ನಾಣ್ಯ ಇಡುತ್ತಾರೆ, ನಾನು ಹೆಸರು ಹೇಳಬೇಕು. ಇಪ್ಪತ್ತು, ಐವತ್ತು, ನೂರು. ಅಜ್ಜಿ ಬಂದ ದಿನ ನನಗೆ ಹಬ್ಬ. ಅಜ್ಜಿಯ ಅಂಚಿನ ಒಳಗೆ ಹನ್ನೊಂದು ಮೂಲೆಯ ಒಂದು ಕಟ್ಟು ಇರುತ್ತದೆ. ಕಣ್ಣಿಗೆ ಅದು ಉರುಟಾಗಿಯೇ ಕಾಣುತ್ತದೆ; ಹೆಬ್ಬೆರಳನ್ನು ಸುತ್ತ ಓಡಿಸಿದರೆ ಮಾತ್ರ ಮೂಲೆಗಳು ಒಂದಾದ ಮೇಲೊಂದು ಸಿಗುತ್ತವೆ. ಏಳನೇ ವಯಸ್ಸಿನಲ್ಲಿ ನನಗೆ ಅದು ಸಿಕ್ಕಿತು. ಅಪ್ಪ ಕಾಕನನ್ನು ಕರೆದು ತೋರಿಸಿದರು.

"ನೋಡು ಹಸನಬ್ಬ, ಇವಳ ಬೆರಳು ನನ್ನದಕ್ಕಿಂತ ಚುರುಕು ಉಂಟು. ಇವಳನ್ನು ಗಲ್ಲಾದಲ್ಲಿ ಕೂರಿಸಿದರೆ ಯಾರಿಗೂ ಮೋಸ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ."

"ಹುಡುಗಿಯನ್ನು ಓದಿಸಿ ಶೆಟ್ರೇ. ಗಲ್ಲಾ ನಿಮ್ಮೊಟ್ಟಿಗೇ ಮುಗೀಲಿ," ಎಂದರು ಕಾಕ.

ಅಜ್ಜಿಯ ಬೆಲೆ ಎಷ್ಟು ಎನ್ನುವುದು ನಮ್ಮ ಮನೆಯ ಮುಗಿಯದ ಚರ್ಚೆ. ಆಗ ಒಂದು ಡಾಲರಿಗೆ ಮುನ್ನೂರು ಫಿಲ್ಸಿನ ಹತ್ತಿರ ಹತ್ತಿರ ಇತ್ತು. ಅಂದರೆ ನಮಗೆ ಮೋಸ ಮಾಡಿದವನು ತಾನೇ ಮೂರು ಪಾಲು ಬೆಲೆಯದ್ದನ್ನು ಕೊಟ್ಟು ಹೋದ ಹಾಗೆ. ನಾನು ಅಪ್ಪನನ್ನು ಪೀಡಿಸಿ ಒಮ್ಮೆ ಹಣ ಬದಲಾಯಿಸುವ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನವನು ಅಜ್ಜಿಯನ್ನು ಬೆರಳಿನಿಂದ ನಮ್ಮ ಕಡೆಗೇ ತಳ್ಳಿ, ನೋಟಾದರೆ ತಾ, ನಾಣ್ಯ ಯಾವ ದೇಶದ್ದಾದರೂ ಬೇಡ ಎಂದ. ಮೂರು ಪಾಲು ಬೆಲೆಯಿದ್ದರೂ ಕೊಳ್ಳುವವರಿಲ್ಲ. ಕೆಲವು ವರ್ಷದ ನಾಣ್ಯಗಳನ್ನು ಶೋಕಿಯವರು ಹೆಚ್ಚು ಕೊಟ್ಟು ಕೊಳ್ಳುತ್ತಾರಂತೆ ಎಂದು ಕಾಕ ಎಲ್ಲಿಂದಲೋ ಕೇಳಿಕೊಂಡು ಬಂದರು. ಅಂದಿನಿಂದ ನಾನು ಭೂತಗನ್ನಡಿ ಹಿಡಿದು ಕೂತೆ. ಎಪ್ಪತ್ತೊಂಬತ್ತರವು ಹೆಚ್ಚು, ಎಂಬತ್ತರವು ಮೂರು. ಅಜ್ಜಿಯ ಭುಜದ ಹತ್ತಿರ ಟಂಕಸಾಲೆಯ ಗುರುತಿನ ಒಂದು ಪುಟ್ಟ ಅಕ್ಷರ: ಪಿ, ಡಿ ಅಥವಾ ಎಸ್. ಒಂದು ಎಪ್ಪತ್ತೊಂಬತ್ತರ ಪಿ ನಾಣ್ಯದಲ್ಲಿ ಮಾತ್ರ ವರ್ಷದ ಅಂಕಿ ಅಂಚಿಗೆ ತಾಗುವಷ್ಟು ಹತ್ತಿರ ಕೂತಿತ್ತು, ಅಂಚೂ ಸ್ವಲ್ಪ ದಪ್ಪ. ಅಚ್ಚಿನ ವ್ಯತ್ಯಾಸ, ಅದರಲ್ಲಿ ಎಂತ ಇಲ್ಲ ಎಂದರು ಅಪ್ಪ. ಬಹಳ ವರ್ಷಗಳ ನಂತರ ಒಂದು ಬೆಲೆಪಟ್ಟಿ ಓದುವಾಗ ತಿಳಿಯಿತು: ಬೇರೆ ಎಲ್ಲ ಅಜ್ಜಿಯರಿಗೂ ಒಂದು ಡಾಲರಿನ ಮೇಲೆ ಬೆಲೆ ಇಲ್ಲ, ಅಂಕಿ ಅಂಚಿಗೆ ಹತ್ತಿರ ಇರುವವಳಿಗೆ ಮಾತ್ರ ಅದರ ಹಲವು ಪಟ್ಟು. ಅಪ್ಪನಿಗೆ ಹೇಳಲಿಲ್ಲ.

ನಮ್ಮ ಹಾಲಿನಪುಡಿ ಡಬ್ಬಿಯಲ್ಲಿ ಹನ್ನೊಂದು ಅಜ್ಜಿಯರಾಗಿದ್ದಾಗ ಇರಾಕಿನ ಸೈನ್ಯ ಬಂತು. ಬೆಳಿಗ್ಗೆ ಅಪ್ಪ ಕೆಲಸದ ಬಸ್ಸಿಗೆ ಹೊರಟವರು ಅರ್ಧ ಗಂಟೆಯಲ್ಲಿ ವಾಪಸು ಬಂದು, ಚಪ್ಪಲಿ ಕಳಚದೆ ಕುರ್ಚಿಯಲ್ಲಿ ಕೂತರು. ರಸ್ತೆಯಲ್ಲಿ ಟ್ಯಾಂಕು ಉಂಟು ಎಂದರು. ಅಮ್ಮ ನಂಬದೆ ಬಾಲ್ಕನಿಗೆ ಹೋಗಿ ನೋಡಿ ಬಂದು, ಉಪ್ಪಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತಳು. ನಾವು ಸಪ್ಪೆ ಉಪ್ಪಿಟ್ಟನ್ನೇ ತಿಂದೆವು. ಒಂದು ವಾರದೊಳಗೆ ಕೆಫೆಟೇರಿಯಾದ ಕುರ್ಚಿಯಿಂದ ಹಿಡಿದು ಚಹಾದ ಪಾತ್ರೆವರೆಗೆ ಎಲ್ಲ ಲೂಟಿಯಾಯಿತು. ಅಪ್ಪನ ಕಫೀಲ್, ಅಂದರೆ ವೀಸಾ ಕೊಟ್ಟ ಕುವೈತಿ ಧಣಿ, ಸೌದಿಗೆ ಓಡಿಹೋದ. ಕೆಲಸ ಖಲಾಸ್. ನಮ್ಮವರೆಲ್ಲ ಬಸ್ಸು ಮಾಡಿಕೊಂಡು ಇರಾಕು ದಾಟಿ ಜೋರ್ಡಾನಿಗೆ ಹೋಗುತ್ತಿದ್ದರು, ಅಲ್ಲಿಂದ ಊರಿಗೆ ವಿಮಾನ. ಕಾಕನೂ ಸೇರಿ ನಮ್ಮ ನಾಲ್ವರ ಹೆಸರು, ಸೈನ್ಯ ಬಂದ ಎರಡನೇ ತಿಂಗಳಲ್ಲಿ, ಒಂದು ಶುಕ್ರವಾರದ ಬಸ್ಸಿಗೆ ಬಂತು. ಅಲ್ಲಿಯತನಕ ತಲೆ ತಗ್ಗಿಸಿಕೊಂಡು ಇರಬೇಕು, ಅಷ್ಟೆ. ರೇಡಿಯೋದಲ್ಲಿ ಒಂದು ಎಚ್ಚರಿಕೆ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಅಮೆರಿಕದವರನ್ನೋ ಬ್ರಿಟನ್ನಿನವರನ್ನೋ ಮನೆಯಲ್ಲಿ ಅಡಗಿಸಿಟ್ಟವರಿಗೆ ಗಲ್ಲು. ಕಾಕ ಅದನ್ನು ನಮಗೆ ಅನುವಾದಿಸಿ ಹೇಳಿ ರೇಡಿಯೋ ಆರಿಸುತ್ತಿದ್ದರು.

ಕುಬ್ಬೂಸ್ ರೊಟ್ಟಿ ಮಾರುವ ಬೇಕರಿಯ ಮುಂದೆ ಬೆಳಗಾದರೆ ಸಾಲು. ಹೆಂಗಸರ ಸಾಲು ಬೇರೆ, ಅದು ಬೇಗ ಸಾಗುತ್ತಿತ್ತು. ಹಾಗಾಗಿ ಹನ್ನೊಂದು ವರ್ಷದ ನನ್ನನ್ನು ಆ ಸಾಲಿನಲ್ಲಿ ನಿಲ್ಲಿಸಿ ಕಾಕ ಗಂಡಸರ ಸಾಲಿನಲ್ಲಿ ನಿಲ್ಲುತ್ತಿದ್ದರು. ಒಬ್ಬರಿಗೆ ಒಂದೇ ಕಟ್ಟು, ಬೆಲೆ ನೂರು ಫಿಲ್ಸ್. ಅಮ್ಮ ದಿನವೂ ಒಂದು ನೂರು ಫಿಲ್ಸ್ ಕೊಟ್ಟು ಕಳಿಸುತ್ತಿದ್ದಳು. ಬಸ್ಸು ಹೊರಡುವ ವಾರ ಒಂದು ದಿನ ಸಾಲಿನಲ್ಲಿ ನಿಂತಾಗ ನನಗೆ ಒಂದು ಬುದ್ಧಿ ಬಂತು. ನನ್ನ ಜೇಬಿನಲ್ಲಿ ಯಾವಾಗಲೂ ಡಬ್ಬಿಯಿಂದ ತೆಗೆದ ಒಂದು ಅಜ್ಜಿ ಇರುತ್ತಿದ್ದಳು, ಆಟಕ್ಕೆ. ಹನ್ನೊಂದು ಜನ ನನ್ನ ಅಪ್ಪನಿಗೆ ಟೋಪಿ ಹಾಕಿದ್ದಾರೆ, ನಾನು ಒಂದನ್ನು ವಾಪಸು ದಾಟಿಸಿದರೆ ಯಾವ ಪಾಪ? ಅದೂ ಮೂರು ಪಾಲು ಬೆಲೆಯದ್ದನ್ನು ಕೊಡುತ್ತಿದ್ದೇನಲ್ಲ? ನಾನು ಆ ವಯಸ್ಸಿಗೆ ಮಹಾ ಜಾಣೆ ಎಂದು ನನಗೇ ಗಟ್ಟಿಯಾಗಿತ್ತು. ಬೇಕರಿಯವನು ನೋಡದೆ ಪೆಟ್ಟಿಗೆಗೆ ಎಸೆದ. ಉಳಿದ ನೂರು ಫಿಲ್ಸನ್ನು ಮನೆಗೆ ತಂದು ಕಂಪಾಸ್ ಬಾಕ್ಸಿನಲ್ಲಿ ಇಟ್ಟೆ. ಮರುದಿನ ಡಬ್ಬಿಯಿಂದ ಇನ್ನೊಬ್ಬ ಅಜ್ಜಿಯನ್ನು ತೆಗೆದುಕೊಂಡು ಹೋದೆ. ಎಷ್ಟು ಒಗ್ಗರಣೆ ಹಾಕಿ ಹೇಳಿದರೂ ಸತ್ಯ ಇಷ್ಟೇ: ನಾನು ಗೊತ್ತಿದ್ದೂ ಕೊಟ್ಟೆ, ಮೂರು ದಿನ ಕೊಟ್ಟೆ, ಖುಷಿಯಿಂದ ಕೊಟ್ಟೆ.

ಮೂರನೇ ದಿನ ಬೇಕರಿಯ ಕಿಟಕಿಯ ಹತ್ತಿರ ಒಬ್ಬ ಸೈನಿಕ ನಿಂತಿದ್ದ. ಬೇಕರಿಯವನು ಕೈ ಚಾಚುವ ಮೊದಲೇ ಆ ಸೈನಿಕ ನನ್ನ ಕೈಯಿಂದ ನಾಣ್ಯ ತೆಗೆದುಕೊಂಡ. ತಿರುಗಿಸಿದ. ಹದ್ದನ್ನು ನೋಡಿದ.

"ಅಮ್ರಿಕಿ," ಎಂದ. ಆಮೇಲೆ ನನ್ನ ತೋಳು ಹಿಡಿದು, "ವೇನ್ ಬೈತ್?" ಎಂದ. ಮನೆ ಎಲ್ಲಿ ಎಂದು.

ಹೆಂಗಸರ ಸಾಲು ನನ್ನಿಂದ ಒಂದು ಮಾರು ಹಿಂದೆ ಸರಿದದ್ದು ಮಾತ್ರ ನೆನಪಿದೆ. ಕಾಕ ತಮ್ಮ ಸಾಲು ಬಿಟ್ಟು ಓಡಿಬಂದು ಅರಬ್ಬಿಯಲ್ಲಿ ಏನೇನೋ ಹೇಳಿದರು. ಸೈನಿಕ ಕೇಳಲಿಲ್ಲ. ಪಕ್ಕದ ಶಾಲೆಯಲ್ಲಿ ಬಿಡಾರ ಮಾಡಿದ್ದ ಒಬ್ಬ ಅಧಿಕಾರಿಯನ್ನೂ ಇನ್ನೊಬ್ಬ ಸೈನಿಕನನ್ನೂ ಕರೆದ. ಹೀಗೆ ಮೂವರು ಬಂದೂಕಿನವರು ನಮ್ಮ ಮನೆಯ ಮೆಟ್ಟಿಲು ಹತ್ತಿದರು, ಮುಂದೆ ದಾರಿ ತೋರಿಸುತ್ತಾ ನಾನು.

ಅಮ್ಮ ಬಾಗಿಲು ತೆಗೆದವಳು ನನ್ನ ಮುಖ ನೋಡಿ, ಹಿಂದಿದ್ದವರನ್ನು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಅವರು ಮಂಚದ ಕೆಳಗೆ, ಕಪಾಟಿನೊಳಗೆ, ಕಾಕನ ಕೋಣೆಯಲ್ಲಿ, ಬಚ್ಚಲಿನಲ್ಲಿ ಅಮೆರಿಕದವನನ್ನು ಹುಡುಕಿದರು. ಸಿಕ್ಕಿದ್ದು ಹಾಲಿನಪುಡಿ ಡಬ್ಬಿ. ಅಧಿಕಾರಿ ಅದನ್ನು ಊಟದ ಮೇಜಿನ ಮೇಲೆ ಸುರಿದಾಗ ಎಂಟು ಅಜ್ಜಿಯರು ಹೊರಬಿದ್ದರು. ಅಪ್ಪನಿಗೆ ಬರುತ್ತಿದ್ದ ಗಲ್ಲಾದ ಅರಬ್ಬಿ ಸಾಲದೆ ಕಾಕ ನಡುವೆ ನಿಂತು ಹೇಳಿದರು. ಇವನು ಚಹಾದಂಗಡಿಯ ಕ್ಯಾಶಿಯರ್. ಜನ ನೂರು ಫಿಲ್ಸ್ ಎಂದು ತಪ್ಪಿ ಕೊಟ್ಟದ್ದು. ಮಗಳೂ ಹಾಗೇ ತಪ್ಪಿ ಕೊಟ್ಟಿದ್ದಾಳೆ. ಎರಡೂ ಒಂದೇ ಹಾಗೆ ಉಂಟು, ಮಕ್ಕಳಿಗೆ ತಿಳಿಯುವುದಿಲ್ಲ. ಅಪ್ಪ ನನ್ನ ಕಡೆ ನೋಡದೆ ತಲೆಯಾಡಿಸುತ್ತಿದ್ದರು. ಜೀವಮಾನದಲ್ಲಿ ಅವರು ನನ್ನನ್ನು ನಾಣ್ಯ ತಿಳಿಯದವಳು ಎಂದು ಒಪ್ಪಿಕೊಂಡದ್ದು ಅದೊಂದೇ ಸಲ.

ಅಧಿಕಾರಿ ಮೀಸೆ ಸವರಿಕೊಂಡ. ಜೇಬಿನಿಂದ ನೂರು ಫಿಲ್ಸಿನ ಒಂದೆರಡು ನಾಣ್ಯ ತೆಗೆದು ಅಜ್ಜಿಯರ ಜೊತೆ ಕಲಸಿದ. ನನ್ನನ್ನು ಹತ್ತಿರ ಕರೆದು ಕಣ್ಣು ಮುಚ್ಚಲು ಸನ್ನೆ ಮಾಡಿದ.

"ಶಶೀ, ಅವರು ಕೈಗೆ ಇಡ್ತಾರೆ. ಅಮೆರಿಕದ್ದೋ ಇಲ್ಲಿದ್ದೋ ಹೇಳ್ಬೇಕಂತೆ. ಹೆದರ್ಬೇಡ," ಎಂದರು ಕಾಕ.

ಅದೇ ಮೇಜು, ಅದೇ ಆಟ. ಅಂಗೈಗೆ ನಾಣ್ಯ ಬಿದ್ದಾಗ ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಸುತ್ತ ಓಡಲು ಹೊರಟಿತು. ತಡೆದೆ. ತಡೆದರೂ ಒಂದು ಮೂಲೆ ಸಿಕ್ಕಿಬಿಟ್ಟಿತ್ತು. ಅಜ್ಜಿ. ತಿಳಿದಿದೆ ಎಂದರೆ ಅಪ್ಪ ಸುಳ್ಳುಗಾರರಾಗುತ್ತಾರೆ ಎನ್ನುವಷ್ಟು ಬುದ್ಧಿ ನನಗಿತ್ತು. ನೂರು ಫಿಲ್ಸ್ ಎಂದೆ. ಎರಡನೆಯದು ದೋಣಿ; ಅಮೆರಿಕ ಎಂದೆ. ಮೂರನೆಯದೂ ದೋಣಿ, ಅಮೆರಿಕ. ನಾಲ್ಕನೆಯದು ಅಜ್ಜಿ, ನೂರು ಫಿಲ್ಸ್. ಐದನೆಯದು ಅಂಚು ದಪ್ಪವಿದ್ದ ಅದೇ ಅಜ್ಜಿ, ಅಂಕಿ ಅಂಚಿಗೆ ತಾಗಿದವಳು. ನೂರರಲ್ಲಿ ಹುಡುಕಿ ತೆಗೆಯುವಷ್ಟು ಅವಳ ಗುರುತು ನನಗೆ. ಅವಳನ್ನೂ ನೂರು ಫಿಲ್ಸ್ ಎಂದೆ. ಐದಕ್ಕೆ ಐದೂ ತಪ್ಪು ಹೇಳಿ ಕಣ್ಣು ಬಿಟ್ಟೆ. ಗೆದ್ದೆ ಎಂದುಕೊಂಡೆ. ಎಂಥ ಹುಚ್ಚು ನೋಡಿ, ಶಾಭಾಸ್ ಎನ್ನುತ್ತಾರೆ ಎಂದು ಅಪ್ಪನ ಮುಖ ನೋಡಿದೆ. ಅಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ.

ಅಧಿಕಾರಿ ಕಾಕನಿಗೆ ಒಂದು ಮಾತು ಹೇಳಿದ. ಕಾಕ ಅದನ್ನು ಅನುವಾದಿಸಲಿಲ್ಲ. ಸೈನಿಕರಿಬ್ಬರು ಅಪ್ಪನ ತೋಳು ಹಿಡಿದರು. ಅಪ್ಪ ಬಾಗಿಲಲ್ಲಿ ಚಪ್ಪಲಿ ಹುಡುಕಿದರು, ಹಾಕಿಕೊಳ್ಳಲು ಬಿಡಲಿಲ್ಲ. ಅಧಿಕಾರಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಹೋದ. ಜೀಪು ಹೊರಟ ಮೇಲೆ ಅಮ್ಮ ಕಾಕನನ್ನು ಕೇಳಿದಳು.

"ಅವ ಎಂತ ಹೇಳಿದ್ದು ಹಸನಬ್ಬಣ್ಣ? ಹುಡುಗಿ ಎಲ್ಲ ತಪ್ಪು ಹೇಳಿದ್ಲಲ್ಲ, ಮತ್ತೆ ಯಾಕೆ ಕೊಂಡೋದ್ರು?"

ಕಾಕ ನನ್ನನ್ನು ನೋಡಿ ನೆಲ ನೋಡಿದರು.

"ಏನೂ ಗೊತ್ತಿಲ್ಲದವರಿಗೆ ಐದರಲ್ಲಿ ಎರಡಾದ್ರೂ ಸರಿ ಬರ್ತದೆ ಅಂತ ಹೇಳಿದ ಅಕ್ಕ. ಐದೂ ತಪ್ಪು ಹೇಳ್ಬೇಕಾದ್ರೆ ಐದೂ ಗೊತ್ತಿರ್ಬೇಕು ಅಂತ."

ಆ ಮಾತು ಕೇಳಿದಾಗ ಆದದ್ದನ್ನು ನಾನು ಇವತ್ತಿಗೂ ಸರಿಯಾಗಿ ಹೇಳಲಾರೆ. ನಾನು ಅಪ್ಪನನ್ನು ಉಳಿಸಿದೆ ಎಂದುಕೊಂಡ ಅದೇ ಗಳಿಗೆಯಲ್ಲಿ, ಅದೇ ಜಾಣತನದಿಂದ, ಅವರನ್ನು ಹಿಡಿದುಕೊಟ್ಟಿದ್ದೆ. ಅಂದು ಬುಧವಾರ. ಬಸ್ಸು ಶುಕ್ರವಾರ. ಕಾಕ ಶಾಲೆಯ ಗೇಟಿಗೆ ಹೋಗಿ ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತು ಬಂದರು. ಒಳಗೆ ಬಿಡಲಿಲ್ಲ. ಅಮೆರಿಕದವ ಎಲ್ಲಿದ್ದಾನೆ ಎಂದು ಕೇಳುತ್ತಿದ್ದಾರೆ ಎಂದಷ್ಟು ಕಾವಲಿನವನು ಹೇಳಿದನಂತೆ.

ಅಮ್ಮ ಅಳಲಿಲ್ಲ. ಬಸ್ಸಿಗೆ ಚೀಲ ಕಟ್ಟತೊಡಗಿದಳು. ಒಂದು ಚೀಲಕ್ಕೆ ಅಪ್ಪನ ಎರಡು ಅಂಗಿ, ನನ್ನ ಎರಡು ಫ್ರಾಕು, ದೇವರ ಪಟ. ನನ್ನ ಶಾಲೆಯ ಚೀಲವನ್ನು ಮಂಚದ ಮೇಲೆ ಸುರಿದಾಗ ಕಂಪಾಸ್ ಬಾಕ್ಸ್ ಬಾಯಿಬಿಟ್ಟಿತು. ಮೂರು ದೋಣಿಗಳು. ಮೂರನೆಯದನ್ನು ಆ ದಿನ ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಅದರಲ್ಲಿಟ್ಟು ಹೋಗಿದ್ದೆ, ಅಷ್ಟು ಧೈರ್ಯ ನನ್ನದು. ಅಮ್ಮ ಅವನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಗೊತ್ತಿದ್ದೇ ಕೊಟ್ಟದ್ದಾ?"

ಅಮ್ಮನ ಕೈ ನನ್ನ ಕೆನ್ನೆಗೆ ಬಿತ್ತು. ಅದುವರೆಗೆ ನನಗೆ ಹೊಡೆದವಳಲ್ಲ ಅವಳು. ಹೊಡೆದ ಕೈಯನ್ನು ತಾನೇ ಬೆಚ್ಚಿ ನೋಡಿಕೊಂಡಳು. ಆಮೇಲೆ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದಳು.

"ಎಷ್ಟು ದಿನ? ಬಾಯಿ ಬಿಡು. ಇವತ್ತಿಂದು ಬಿಟ್ಟು ಇನ್ನೆಷ್ಟು ಕೊಟ್ಟೆ ಬೇಕರಿಯವನಿಗೆ?"

"ಎರಡು."

"ಅವ ನೋಡ್ಲಿಲ್ವಾ?"

"ಇಲ್ಲ. ಪೆಟ್ಟಿಗೆಗೆ ಹಾಕಿದ."

ಅಮ್ಮ ನನ್ನನ್ನು ಬಿಟ್ಟಳು. ಹಾಗೇ ನಿಂತಳು. ಅವಳ ಮುಖದಲ್ಲಿ ಏನೋ ತಿರುಗಿದ್ದು ನನಗೆ ಕಂಡಿತು. ಐದನೇ ಕ್ಲಾಸು ಮುಗಿಸದ ನನ್ನ ಅಮ್ಮ ಅಂದು ಆ ಮನೆಯಲ್ಲಿ ಎಲ್ಲರಿಗಿಂತ ಬುದ್ಧಿವಂತೆ. ನೇರ ಹೋಗಿ ಕಾಕನ ಬಾಗಿಲು ಬಡಿದಳು.

"ಹಸನಬ್ಬಣ್ಣ, ಆ ಬೇಕರಿಯವನ ಪೆಟ್ಟಿಗೆ ನೋಡ್ಲಿಕ್ಕೆ ಹೇಳಿ ಆ ಆಫೀಸರಿಗೆ. ಅದರಲ್ಲಿ ಇನ್ನೂ ಎರಡು ಉಂಟು. ದಿನಾ ದುಡ್ಡು ಮುಟ್ಟುವವನಿಗೇ ತಿಳೀಲಿಲ್ಲ ಅಂದ್ರೆ ನಮಗೆ ಹೇಗೆ ತಿಳೀತದೆ ಅಂತ ಕೇಳಿ. ಹೇಗೆ ಗೊತ್ತು ಅಂತ ಮಾತ್ರ ನನ್ನನ್ನು ಕೇಳ್ಬೇಡಿ."

ಕಾಕ ಕೇಳಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನ ಕೆಂಪು ಕೆನ್ನೆಯನ್ನು ಒಮ್ಮೆ ನೋಡಿ, ಟೋಪಿ ಹಾಕಿಕೊಂಡು ಹೊರಟರು. ಅಂದು ಬೇಕರಿ ಮುಚ್ಚಿಬಿಟ್ಟಿತ್ತು. ಗುರುವಾರ ಬೆಳಿಗ್ಗೆ ಅಧಿಕಾರಿ ತಾನೇ ಬಂದು ಪೆಟ್ಟಿಗೆ ಸುರಿಸಿದನಂತೆ. ದೋಣಿಗಳ ರಾಶಿಯಲ್ಲಿ ಇಬ್ಬರು ಅಜ್ಜಿಯರು. ಬೇಕರಿಯವನು ಅಲ್ಲಾನ ಮೇಲೆ ಆಣೆ ಹಾಕಿದ, ತನಗೆ ಗೊತ್ತೇ ಇಲ್ಲ, ಯಾರು ಕೊಟ್ಟರೆಂದೂ ಗೊತ್ತಿಲ್ಲ ಎಂದು. ಅವನದು ಸತ್ಯ. ಅಧಿಕಾರಿ ಎರಡನ್ನೂ ಜೇಬಿಗೆ ಹಾಕಿಕೊಂಡು, ಈ ಹಾಳು ನಾಣ್ಯ ಊರೆಲ್ಲ ಉಂಟು ಎಂದು ಬೈದು ಹೋದನಂತೆ. ಮಧ್ಯಾಹ್ನ ಊಟದ ಹೊತ್ತಿಗೆ ಅಪ್ಪ ಮೆಟ್ಟಿಲು ಹತ್ತಿ ಬಂದರು.

ಬರಿಗಾಲು. ಬಲಗೈಗೆ ಅಂಗಿಯಿಂದ ಹರಿದ ಬಟ್ಟೆ ಸುತ್ತಿತ್ತು. ಅಮ್ಮ ಅದನ್ನು ಬಿಚ್ಚಿದಾಗ ನಾನು ಹತ್ತಿರವೇ ನಿಂತಿದ್ದೆ. ಹೆಬ್ಬೆರಳು ಅಲ್ಲಿತ್ತು, ಆದರೆ ಅದು ಹೆಬ್ಬೆರಳಿನ ಹಾಗೆ ಇರಲಿಲ್ಲ. ಉಗುರಿಲ್ಲ. ತುದಿ ಚಪ್ಪಟೆಯಾಗಿ ಕಪ್ಪಾಗಿತ್ತು.

"ಬಾಗಿಲಿಗೆ ಸಿಕ್ಕಿದ್ದು," ಎಂದರು ಅಪ್ಪ. "ಅಲ್ಲಿ ಬಾಗಿಲು ಭಾರ."

ಅಮ್ಮ ಅರಿಶಿನ ಹಚ್ಚಿ ಹೊಸ ಬಟ್ಟೆ ಕಟ್ಟಿದಳು, ಅನ್ನ ಕಲಸಿ ತಾನೇ ಉಣಿಸಿದಳು. ಅಪ್ಪ ಮಗುವಿನ ಹಾಗೆ ಬಾಯಿ ತೆರೆಯುತ್ತಿದ್ದರು. ಉಂಡಾದ ಮೇಲೆ ನನ್ನನ್ನು ಕರೆದು ಎಡಗೈಯಿಂದ ಪಕ್ಕದಲ್ಲಿ ಕೂರಿಸಿಕೊಂಡರು. ಗೊತ್ತಿದ್ದು ಕೊಟ್ಟೆಯಾ ಎಂದು ಕೇಳುತ್ತಾರೆ ಎಂದು ನಾನು ಕಲ್ಲಾಗಿ ಕೂತೆ.

"ಐದೂ ಯಾಕೆ ತಪ್ಪಿಸಿದ್ದು ಮಗಾ?" ಎಂದರು ಮೆಲ್ಲಗೆ. "ಎರಡು ಸರಿ ಹೇಳ್ಬೇಕಿತ್ತು."

ಅಷ್ಟೇ. ನಾನು ಹೆದರಿದ್ದ ಆ ಇನ್ನೊಂದು ಪ್ರಶ್ನೆಯನ್ನು ಅವರು ಸಾಯುವವರೆಗೂ ಕೇಳಲಿಲ್ಲ. ಅಮ್ಮ ಆ ಮೂರು ದೋಣಿಗಳ ಮಾತನ್ನು ಎತ್ತಲಿಲ್ಲ; ಎಲ್ಲಿ ಬಿಸಾಡಿದಳೋ ಗೊತ್ತಿಲ್ಲ. ಶುಕ್ರವಾರ ನಾಲ್ವರೂ ಬಸ್ಸು ಹತ್ತಿದೆವು. ಕಾಕ ಅಪ್ಪನ ಚೀಲವನ್ನೂ ತಾವೇ ಹೊತ್ತರು. ಜೋರ್ಡಾನಿನ ಡೇರೆಗಳಲ್ಲಿ ಹನ್ನೆರಡು ದಿನ ಕಾದು ವಿಮಾನ ಹತ್ತುವಾಗ ಅಪ್ಪನ ಬೆರಳಿನ ಕೀವು ನಿಂತಿತ್ತು.

ಮಂಗಳೂರಿನಲ್ಲಿ ಅಪ್ಪನ ಭಾವ ಬಸ್‌ಸ್ಟ್ಯಾಂಡಿನ ಹತ್ತಿರ ಇಟ್ಟಿದ್ದ ಹೋಟೆಲಿನ ಗಲ್ಲಾದಲ್ಲಿ ಮರುವರ್ಷ ಅಪ್ಪನನ್ನು ಕೂರಿಸಿದರು. ನಾನು ಶಾಲೆಯಿಂದ ಮೊದಲ ಸಲ ಅಲ್ಲಿಗೆ ಹೋದ ಸಂಜೆ ಬಾಗಿಲಲ್ಲೇ ನಿಂತುಬಿಟ್ಟೆ. ಅಪ್ಪ ಒಂದೊಂದು ನಾಣ್ಯವನ್ನೂ ಎಡಗೈಯಲ್ಲಿ ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದರು. ಹೊಸ ಒಂದು ರೂಪಾಯಿ, ಹಳೆಯ ಒಂದು ರೂಪಾಯಿ, ಎಂಟಾಣೆ, ಎಲ್ಲವನ್ನೂ. ಸಾಲಿನಲ್ಲಿದ್ದ ಒಬ್ಬ, ಬಸ್ಸು ಹೋಗ್ತದೆ ಮಾರಾಯ್ರೆ, ಬೇಗ ಕೊಡಿ ಎಂದು ರೇಗಿದ. ಅಪ್ಪ ಅವನ ಮುಖ ನೋಡಲಿಲ್ಲ. ನಾಣ್ಯ ನೋಡುತ್ತಿದ್ದರು.

ನಾನು ಒಳಗೆ ನುಗ್ಗಿ ಅವರ ಸ್ಟೂಲಿನ ಪಕ್ಕ ನಿಂತು ಅಂಗೈ ಚಾಚಿದೆ. ಅಪ್ಪ ಎಡಗೈಯಲ್ಲಿದ್ದ ನಾಣ್ಯವನ್ನು ಕೆಳಗಿಟ್ಟರು. ಆಮೇಲೆ ಮೇಜಿನ ಚಿಲ್ಲರೆಯನ್ನು ಒಂದೊಂದಾಗಿ ನನ್ನ ಕೈಗೆ ಇಟ್ಟರು. ಕಣ್ಣು ಮುಚ್ಚಿದರೆ ಆ ಮೀಸೆಯ ಅಧಿಕಾರಿ ಕಾಣುತ್ತಾನೆ ಎಂದು ಹೆದರಿಕೆ, ಆದರೂ ಮುಚ್ಚಿದೆ. ಒಂದು ರೂಪಾಯಿ ಎಂದೆ. ಎಂಟಾಣೆ. ಎರಡು ರೂಪಾಯಿ. ಮತ್ತೆ ಎಂಟಾಣೆ. ನಾಲ್ಕಾಣೆ.

"ಐದೂ ಸರಿ," ಎಂದರು ಅಪ್ಪ.

ಗಿರಾಕಿಗಳೆಲ್ಲ ನೋಡುತ್ತಿದ್ದಂತೆ ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಅಪ್ಪ ಬಲಗೈಯನ್ನು ನನ್ನ ತಲೆಯ ಮೇಲೆ ಇಟ್ಟು, ಎಡಗೈಯಿಂದ ಆ ಬಸ್ಸಿನ ಅವಸರದವನಿಗೆ ಚಿಲ್ಲರೆ ಕೊಟ್ಟರು.